ಕಮಾನಿಲ್ಲದ ಸೇತುವೆಗಳು: ಕಾವೇರಿಯಿಂದ ತುಂಗಭದ್ರೆಗೆ

ಮೊದಲ ದಿನ: ಶ್ರೀರಂಗಪಟ್ಟಣ

2019ರ ಫೆಬ್ರವರಿ ಕೊನೆ. ಕಾವೇರಿಯಲ್ಲಿ ನೀರು ಇಳಿದು ಬಂಡೆಗಳೆಲ್ಲ ಹೊರಗೆ ಕಾಣುತ್ತಿದ್ದವು. ಕಲ್ಲಿನ ಸೇತುವೆ ನೋಡಲು ಇದೇ ಸರಿಯಾದ ಕಾಲ. ಮಳೆಗಾಲದಲ್ಲಿ ಹೋದರೆ ಕಾಣುವುದು ಮೇಲಿನ ರಸ್ತೆ ಮಾತ್ರ. ಸೇತುವೆ ಇರುವುದು ಅದರ ಕೆಳಗೆ ಅಲ್ವಾ?

ಜೊತೆಗೆ ಬಾಮೈದ ಬಂದಿದ್ದ. ಅವನು ಸಿವಿಲ್ ಎಂಜಿನಿಯರ್. ವರ್ಷವಿಡೀ ಸೈಟಿನಲ್ಲಿ ಕಬ್ಬಿಣ, ಕಾಂಕ್ರೀಟು ಅಂತ ಓಡಾಡುವವನು. "ರಜೆ ಹಾಕಿ ಮತ್ತೆ ಸೇತುವೆನೇ ನೋಡ್ಬೇಕಾ ಭಾವ?" ಅಂತ ರೈಲಿನಲ್ಲಿ ಗೊಣಗುತ್ತಲೇ ಬಂದ. ಶ್ರೀರಂಗಪಟ್ಟಣದಲ್ಲಿ ಇಳಿದು, ಇಡ್ಲಿ ತಿಂದು, ಊರಿನ ಉತ್ತರಕ್ಕೆ ನಡೆದೆವು. ಈ ಊರಿಗೆ ಬಂದವರು ಸಾಮಾನ್ಯವಾಗಿ ರಂಗನಾಥ, ದರಿಯಾ ದೌಲತ್, ಗುಂಬಜ್, ನಿಮಿಷಾಂಬ ಅಂತ ಸುತ್ತಿ ಸಂಜೆಗೆ ಮೈಸೂರು ಸೇರುತ್ತಾರೆ. ಕಿರಂಗೂರಿನ ಕಡೆಗೆ ನದಿ ದಾಟುವ ವೆಲ್ಲೆಸ್ಲಿ ಸೇತುವೆಯನ್ನು ನೋಡಬೇಕು ಅಂತಲೇ ಬರುವವರು ಕಡಿಮೆ. ದಾಟಿಕೊಂಡು ಹೋಗುವವರು ಬೇಕಾದಷ್ಟು ಜನ ಇದ್ದಾರೆ.

ಸೇತುವೆಯ ಮೇಲೆ ನಿಂತರೆ ವಿಶೇಷ ಏನೂ ಅನ್ನಿಸುವುದಿಲ್ಲ. ಕಿರಿದಾದ ದಾರಿ. ಆಚೆ ಈಚೆ ಗಿಡ್ಡ ತಡೆಗೋಡೆ. ಬೈಕುಗಳು ಹಾರ್ನ್ ಹೊಡೆಯುತ್ತ ಪಕ್ಕದಲ್ಲೇ ಹೋಗುತ್ತವೆ. ದೊಡ್ಡ ಗಾಡಿಗಳಿಗೆಲ್ಲ ಹೆದ್ದಾರಿಯ ಹೊಸ ಸೇತುವೆ ಇದೆ. ನಾವು ದಡದಿಂದ ಇಳಿದು, ಬಂಡೆಯಿಂದ ಬಂಡೆಗೆ ಕಾಲಿಡುತ್ತ ಸೇತುವೆಯ ಅಡಿಗೆ ಹೋದೆವು. ಅಲ್ಲಿ ನಮ್ಮ ಬಾಮೈದನ ಗೊಣಗಾಟ ನಿಂತಿತು.

"ಭಾವ, ಇಲ್ಲಿ ಒಂದೂ ಕಮಾನಿಲ್ಲ ನೋಡಿ."

ನಿಜ. ಹಳೆಯ ಕಲ್ಲಿನ ಸೇತುವೆ ಅಂದ ಕೂಡಲೇ ಕಣ್ಣ ಮುಂದೆ ಬರುವುದು ಸಾಲು ಸಾಲು ಕಮಾನು. ಇಲ್ಲಿ ಅದರ ಸುಳಿವೇ ಇಲ್ಲ. ನದಿಯ ಅಗಲಕ್ಕೂ ಕಲ್ಲಿನ ಕಂಬಗಳ ಸಾಲುಗಳಿವೆ. ಕಂಬದ ತಲೆಯ ಮೇಲೆ ಬೋದಿಗೆ, ಅಂದರೆ ತೊಲೆಯನ್ನು ಹೊರುವ ಗಿಡ್ಡ ಅಡ್ಡಗಲ್ಲು. ಬೋದಿಗೆಯ ಮೇಲೆ ಅಡ್ಡಕ್ಕೆ ತೊಲೆ. ಒಂದು ಸಾಲಿನ ತೊಲೆಯಿಂದ ಮುಂದಿನ ಸಾಲಿನ ತೊಲೆಗೆ ಉದ್ದುದ್ದ ಕಲ್ಲುಗಳು. ಅವುಗಳ ಮೇಲೆ ರಸ್ತೆ. ಇಷ್ಟೇ ಲೆಕ್ಕ. ನಮ್ಮ ಯಾವುದೇ ಹಳೆಯ ದೇವಸ್ಥಾನದ ಮಂಟಪಕ್ಕೆ ಹೋಗಿ ತಲೆ ಎತ್ತಿ ನೋಡಿ. ಕಂಬ, ಬೋದಿಗೆ, ತೊಲೆ, ಚಪ್ಪಡಿ, ಅದೇ ಕ್ರಮ ಅಲ್ಲೂ ಇರುತ್ತದೆ. ಮಂಟಪವನ್ನೇ ಉದ್ದಕ್ಕೆ ಎಳೆದು ನದಿಯಲ್ಲಿ ನಿಲ್ಲಿಸಿದ್ದಾರೆ. ಕೆತ್ತನೆ ಇಲ್ಲ, ನಯ ಮಾಡುವ ಗೋಜಿಗೂ ಹೋಗಿಲ್ಲ. ಕಂಬದ ಮೈ ತಡವಿದರೆ ಉಳಿ ಬಿದ್ದ ಗುರುತುಗಳು ಇನ್ನೂ ಒರಟೊರಟಾಗಿ ಕೈಗೆ ಹತ್ತುತ್ತವೆ. ನೀರಿನ ಮಟ್ಟದ ಹತ್ತಿರ ಮಾತ್ರ ಇನ್ನೂರು ವರ್ಷದ ಹರಿವು ಮೂಲೆಗಳನ್ನು ಸವೆಸಿ ದುಂಡಗೆ ಮಾಡಿದೆ.

ಸೇತುವೆ ಮುಗಿದದ್ದು 1804ರಲ್ಲಿ. ಮುಂದೆ ನಿಂತು ಕಟ್ಟಿಸಿದವರು ದಿವಾನ್ ಪೂರ್ಣಯ್ಯ. ಹೈದರನ ಕಾಲದಲ್ಲೂ ಟಿಪ್ಪುವಿನ ಕಾಲದಲ್ಲೂ ಲೆಕ್ಕಪತ್ರ ನೋಡಿಕೊಂಡವರು. 1799ರಲ್ಲಿ ಟಿಪ್ಪು ಸತ್ತ ಮೇಲೆ ಒಡೆಯರ ಮನೆಯ ಐದು ವರ್ಷದ ಹುಡುಗನನ್ನು ಪಟ್ಟಕ್ಕೆ ಕೂರಿಸಿದಾಗ ರಾಜ್ಯದ ಹೊಣೆ ಇವರ ತಲೆಗೇ ಬಂತು. ಸೇತುವೆಯನ್ನು ಅರ್ಪಿಸಿದ್ದು ಆ ಹುಡುಗ ದೊರೆ ಕೃಷ್ಣರಾಜ ಒಡೆಯರ ಹೆಸರಿನಲ್ಲಿ. ಇಟ್ಟದ್ದು ಗವರ್ನರ್ ಜನರಲ್ ರಿಚರ್ಡ್ ವೆಲ್ಲೆಸ್ಲಿಯ ಹೆಸರು. ಮೈಸೂರಿನವರ ಕೃತಜ್ಞತೆಗೆ ಗುರುತು ಅಂತ. ದೊರೆಗೆ ಆಗ ಹತ್ತು ವರ್ಷ. ಯಾರ ಕೃತಜ್ಞತೆ, ಯಾರ ಲೆಕ್ಕಾಚಾರ ಅನ್ನೋದು ಬೇರೆ ಬಿಡಿಸಿ ಹೇಳಬೇಕಿಲ್ಲ.

ಇಲ್ಲೊಂದು ಗೊಂದಲ ಯಾವಾಗಲೂ ಇರುತ್ತದೆ. ವೆಲ್ಲೆಸ್ಲಿ ಅಂದರೆ ನೆಪೋಲಿಯನ್‌ನನ್ನು ವಾಟರ್ಲೂನಲ್ಲಿ ಸೋಲಿಸಿದವನು ಅಂತ ಗೈಡುಗಳು ಹೇಳಿಬಿಡುತ್ತಾರೆ. ಅವನು ತಮ್ಮ, ಆರ್ಥರ್. ಅವನಿಗೂ ಈ ಊರಿಗೂ ನಂಟು ಇದೆ. ಕೋಟೆ ಬಿದ್ದ ಮೇಲೆ ಇಲ್ಲಿನ ಸೈನ್ಯದ ಮೇಲಾಳಾಗಿ ದರಿಯಾ ದೌಲತ್‌ನಲ್ಲೇ ವಾಸ ಮಾಡಿದ್ದ. ಆದರೆ ಸೇತುವೆಯ ಹೆಸರು ಅಣ್ಣನದು.

ಕಂಬದ ನೆರಳಲ್ಲಿ ಕೂತು ಬಾಮೈದ ಪಾಠ ಶುರು ಮಾಡಿದ. "ಒಂದು ಕಲ್ಲಿನ ತೊಲೆ ಎರಡು ಕಂಬದ ಮೇಲೆ ಕೂತಿದೆ ಅಂದ್ಕೊಳ್ಳಿ. ಮೇಲಿಂದ ಭಾರ ಬಿದ್ರೆ ತೊಲೆಯ ಮೇಲ್ಭಾಗ ಒತ್ತಿಕೊಳ್ಳುತ್ತೆ, ಕೆಳಭಾಗ ಹಿಗ್ಗೋಕೆ ನೋಡುತ್ತೆ. ಒತ್ತಿದ್ರೆ ನಮ್ಮ ಗ್ರಾನೈಟ್ ಬಗ್ಗೋದೇ ಇಲ್ಲ. ಎಳೆದ್ರೆ? ಆ ಶಕ್ತಿಯಲ್ಲಿ ಹತ್ತನೇ ಒಂದು ಪಾಲು ತಡೆದುಕೊಂಡ್ರೆ ಜಾಸ್ತಿ. ಅದಕ್ಕೇ ಕಂಬಗಳು ಇಷ್ಟು ಹತ್ತಿರ ಹತ್ತಿರ. ಅದೇ ದಪ್ಪದ ಕಲ್ಲನ್ನ ಎರಡು ಪಟ್ಟು ದೂರಕ್ಕೆ ಹಾಸಿ, ಅದರ ಸ್ವಂತ ತೂಕಕ್ಕೇ ಕೆಳಗಿನ ಎಳೆತ ನಾಲ್ಕು ಪಟ್ಟಾಗುತ್ತೆ."

"ಬೋದಿಗೆ ಯಾಕೆ ಹಾಗಾದ್ರೆ? ಅಂದಕ್ಕಾ?"

"ಅಂದ ಎಲ್ಲಿದೆ ಇಲ್ಲಿ? ಕಂಬದ ತಲೆಯಿಂದ ಆಚೆ ಈಚೆ ಒಂದಿಷ್ಟು ಚಾಚಿಕೊಂಡಿದೆಯಲ್ಲ, ಅಷ್ಟು ದೂರ ತೊಲೆಗೆ ಉಳೀತು. ಪುಕ್ಕಟೆ ಲಾಭ."

ಕಮಾನು ಕಟ್ಟಿದ್ದರೆ ಇಷ್ಟು ಕಂಬ ಬೇಕಿರಲಿಲ್ಲ. ಕಮಾನಿನಲ್ಲಿ ಕಲ್ಲುಗಳು ಒಂದನ್ನೊಂದು ಒತ್ತಿಕೊಂಡೇ ನಿಲ್ಲುತ್ತವೆ, ಎಳೆತದ ತಾಪತ್ರಯ ಕಡಿಮೆ. ಆದರೆ ಕಟ್ಟಿ ಮುಗಿಯುವ ತನಕ ಕಮಾನು ತಾನಾಗಿ ನಿಲ್ಲುವುದಿಲ್ಲ. ಅಡಿಗೆ ಮರದ ಅಚ್ಚು ಕೊಡಬೇಕು. ಆ ಅಚ್ಚನ್ನು ನದಿಯ ನಡುವೆ, ಮುಂದಿನ ಮಳೆ ಬರುವುದರೊಳಗೆ ನಿಲ್ಲಿಸಿ, ಕಟ್ಟಿ, ಬಿಚ್ಚಬೇಕು. ಕಂಬ-ತೊಲೆಯ ಕೆಲಸಕ್ಕೆ ಅಚ್ಚು ಬೇಡ. ಬೇಸಿಗೆಯಲ್ಲಿ ನೆಲ ಬರಿದಾದಾಗ ಬಂಡೆಯಲ್ಲಿ ಕುಳಿ ತೋಡಿ ಕಂಬ ನಿಲ್ಲಿಸಿದರೆ ಮಳೆ ಬಂದರೂ ಅದರ ಪಾಡಿಗೆ ಅದು ನಿಂತಿರುತ್ತದೆ. ಮುಂದಿನ ಬೇಸಿಗೆಗೆ ತೊಲೆ ಏರಿಸಬಹುದು. ಕಲ್ಲು ಇಲ್ಲೇ ಸಿಗುತ್ತದೆ. ಅದನ್ನು ಸೀಳುವ, ಎತ್ತುವ, ಕೂರಿಸುವ ಕೆಲಸ ಗೊತ್ತಿದ್ದ ಕಲ್ಲುಕುಟಿಗರು ತಲೆತಲಾಂತರದಿಂದ ಸುತ್ತಮುತ್ತ ಇದ್ದರು. ಪೂರ್ಣಯ್ಯನವರು ಇರುವವರನ್ನು ಇಟ್ಟುಕೊಂಡು ಕೆಲಸ ಮುಗಿಸಿದರು.

ಸಂಜೆ ಊರೊಳಗೆ ಬಂದು ಪೂರ್ಣಯ್ಯನವರು ಕೊನೆಯ ದಿನಗಳನ್ನು ಕಳೆದ ಮನೆ ನೋಡಿದೆವು. ಒಂದು ಕಾಲಕ್ಕೆ 1799ರ ಬ್ರಿಟಿಷ್ ದಂಡನಾಯಕ ಜನರಲ್ ಹ್ಯಾರಿಸ್ ಹೆಸರಿನಲ್ಲಿದ್ದ, ಡಾಕ್ಟರ್ ಬಂಗಲೆ ಅಂತಲೂ ಕರೆಯುವ ಕಟ್ಟಡ ಅದು. 1811ರಲ್ಲಿ ದಿವಾನಗಿರಿ ಬಿಟ್ಟ ಅವರು ಮರುವರ್ಷ ಇಲ್ಲೇ ತೀರಿಕೊಂಡರು. ಮೈಸೂರಿನಲ್ಲಿ ಅವರ ಹೆಸರಿನ ನಾಲೆಯ ಗುರುತು ಇದೆ, ಯಳಂದೂರು ಜಾಗೀರಿನ ನೆನಪು ಇದೆ. ಸೇತುವೆಗೆ ಮಾತ್ರ ಅವರ ಹೆಸರಿಲ್ಲ. ಇಡಬೇಕಿತ್ತು ಅಂತ ನನ್ನ ಅಭಿಪ್ರಾಯ.

ಎರಡನೇ ದಿನ: ನಾಲೆಯ ದಾರಿ, ಮತ್ತೆ ಕೊಳ್ಳೇಗಾಲದ ಬಸ್ಸು

ಬೆಳಿಗ್ಗೆ ಬಂಗಾರದೊಡ್ಡಿ ನಾಲೆಯ ಕಡೆ ಹೋದೆವು. ಹದಿನೇಳನೇ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರು ತೆಗೆಸಿದ ಕಾಲುವೆ ಇದು. ಮೇಲ್ಗಡೆ ಕಾವೇರಿಗೆ ಅಡ್ಡಕಟ್ಟೆ ಹಾಕಿ, ನೀರನ್ನು ತಿರುಗಿಸಿ, ಹೊಳೆಯ ಮೇಲಿಂದಲೇ ದಾಟಿಸಿ ದ್ವೀಪಕ್ಕೆ ತಂದಿದ್ದಾರೆ. ಹೊಳೆಯ ಮೇಲೆ ಇನ್ನೊಂದು ಹೊಳೆ! ನಾಲೆಯಲ್ಲಿ ನೀರು ಈಗಲೂ ಹರಿಯುತ್ತದೆ. ಗದ್ದೆಯ ಬದುವಿನಲ್ಲಿ ನಿಂತಿದ್ದ ರೈತರೊಬ್ಬರನ್ನು ಮಾತಾಡಿಸಿದೆವು. "ರಾಜರ ಕಾಲದ್ದು ಸ್ವಾಮಿ, ಕೆಟ್ಟಿಲ್ಲ, ನಾವೇ ಹೂಳು ತೆಗೆಯಲ್ಲ ಅಷ್ಟೇ" ಅಂದರು.

ಈ ನಾಲೆಯ ಹತ್ತಿರ ನಿಂತಾಗ ಹೇಳಲೇಬೇಕಾದ ಒಂದು ಕತೆ ಇದೆ. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ಡಾಕ್ಟರು ಶ್ರೀರಂಗಪಟ್ಟಣಕ್ಕೆ ಬಂದ. ಹೊಸದಾಗಿ ಕೈಗೆ ಬಂದ ಸೀಮೆಯಲ್ಲಿ ಏನು ಬೆಳೆಯುತ್ತದೆ, ಜನ ಏನು ಮಾಡುತ್ತಾರೆ ಅಂತ ನೋಡಿ ಬರೆಯಲು ಅವನನ್ನು ಕಳಿಸಿದ್ದೇ ರಿಚರ್ಡ್ ವೆಲ್ಲೆಸ್ಲಿ. ಕಾವೇರಿಯ ದಕ್ಷಿಣದ ಕವಲಿನ ಮೇಲೆ ಆಗಲೇ ಒಂದು ಕಲ್ಲಿನ ಸೇತುವೆ ಇತ್ತು. ಅರ್ಧ ಅಗಲದಲ್ಲಿ ಜನ ಓಡಾಡುವ ದಾರಿ. ಇನ್ನರ್ಧದಲ್ಲಿ ಇಟ್ಟಿಗೆ, ಗಾರೆಯಿಂದ ಭದ್ರ ಮಾಡಿದ ಕಾಲುವೆ. ಬುಕಾನನ್ ಅದನ್ನು ಚೆನ್ನಾಗಿಯೇ ಗಮನಿಸಿದ್ದಾನೆ. ಗ್ರಾನೈಟಿನ ಚೌಕ ಕಂಬಗಳು, ದೊಡ್ಡ ಪ್ರವಾಹಕ್ಕೂ ಮುಳುಗದಷ್ಟು ಎತ್ತರ. ಸಾಲಿನಿಂದ ಸಾಲಿಗೆ ಸುಮಾರು ಹತ್ತು ಅಡಿ. ಬುಡವನ್ನು ಗಟ್ಟಿ ಬಂಡೆಯೊಳಕ್ಕೆ ಇಳಿಸಿದ್ದಾರೆ. ತಲೆಗಳನ್ನು ಒಂದೇ ಮಟ್ಟಕ್ಕೆ ಕಡಿದು, ಪ್ರತಿ ಸಾಲಿನ ಮೇಲೆ ಒಂದು ಉದ್ದ ಕಲ್ಲು. ಸಾಲುಗಳ ನಡುವೆ ಒತ್ತೊತ್ತಾಗಿ ಹಾಸಿದ ಕಲ್ಲುಗಳು. ಮೇಲೆ ಜಲ್ಲಿ. ತಡೆಗೋಡೆ ಇಲ್ಲ. ಎಲ್ಲ ಬರೆದುಕೊಂಡು, ಕೊನೆಗೆ ಅವನ ತೀರ್ಪು ಏನು ಗೊತ್ತಾ? ಈ ಸೇತುವೆಯ ಒರಟುತನ ನೋಡಿದರೆ ಮೈಸೂರಿನಲ್ಲಿ ಕುಶಲ ವಿದ್ಯೆಗಳು ಎಷ್ಟು ಹಿಂದಿವೆ ಅಂತ ತಿಳಿಯುತ್ತದಂತೆ.

ನಾಲ್ಕೇ ವರ್ಷ ಕಳೆಯಲಿ. ಅದೇ ಊರು, ಅದೇ ನದಿಯ ಇನ್ನೊಂದು ಕವಲು. ಅದೇ ಕಂಬ, ಅದೇ ತೊಲೆ, ಅದೇ ಚಪ್ಪಡಿ. ಬುಕಾನನ್‌ನನ್ನು ಕಳಿಸಿದ ಯಜಮಾನನ ಹೆಸರೇ ಆ ಸೇತುವೆಗೆ ಬಂತು. ಇದನ್ನು ಹೇಳಿದಾಗ ಬಾಮೈದ ಬಹಳ ಹೊತ್ತು ನಕ್ಕ.

ಆ ಡಾಕ್ಟರು ಹೇಳಿದ್ದರಲ್ಲಿ ಸತ್ಯ ಏನೂ ಇಲ್ಲ ಅನ್ನಲಾರೆ. ಕಮಾನು ಗೊತ್ತಿದ್ದವರ ಕಣ್ಣಿಗೆ ಇದು ಒರಟೇ. ನಮ್ಮವರಿಗೆ ಕಮಾನು ಗೊತ್ತಿರಲಿಲ್ಲವೇ ಅಂದರೆ, ಗೊತ್ತಿತ್ತು. ಇದೇ ಊರಿನ ಜಾಮಿಯಾ ಮಸೀದಿಯಲ್ಲಿ, ಗುಂಬಜ್‌ನಲ್ಲಿ ಎಷ್ಟು ಚಂದದ ಕಮಾನುಗಳಿವೆ! ನದಿಗೆ ಬಂದಾಗ ಮಾತ್ರ ಕಂಬ-ತೊಲೆಯನ್ನೇ ಹಿಡಿದರು. ಅದು ಅಜ್ಞಾನಕ್ಕಿಂತ ಆಯ್ಕೆ ಅಂತ ನನಗನ್ನಿಸುತ್ತದೆ. ಅಡಿಯಲ್ಲಿ ಗಟ್ಟಿ ಬಂಡೆ ಇದ್ದ ಕಡೆ ಮಾತ್ರ ನಡೆಯುವ ಆಯ್ಕೆ. ಮರಳಿನ ನದಿಯಲ್ಲಿ ಈ ಕಂಬಗಳು ಎರಡು ಮಳೆಗಾಲ ತಡೆಯುತ್ತಿರಲಿಲ್ಲ.

ಊರು ಬಿಡುವ ಮೊದಲು ಕೋಟೆಯ ವಾಯುವ್ಯ ಮೂಲೆಗೂ ಹೋದೆವು, ಗೋಡೆ ಒಡೆದ ಜಾಗಕ್ಕೆ. 1799ರ ಮೇ 4ರ ಮಧ್ಯಾಹ್ನ ಬ್ರಿಟಿಷ್ ಸೈನ್ಯ ನದಿಯ ಬಂಡೆಗಳ ನಡುವೆ ನೀರಲ್ಲಿ ನಡೆದೇ ದಾಟಿ ಬಂದದ್ದು. ಇನ್ನು ಕೆಲವು ವಾರ ತಡವಾಗಿದ್ದರೆ ಮಳೆ ಹಿಡಿದು, ಹೊಳೆ ತುಂಬಿ, ದಾಟುವ ಮಾತೇ ಇರಲಿಲ್ಲ. ಈ ಊರಿಗೆ ನದಿಯೇ ದೊಡ್ಡ ಕೋಟೆ. ಅಂಥ ಊರಿನಲ್ಲಿ, ವರ್ಷಪೂರ್ತಿ ಯಾರು ಬೇಕಾದರೂ ದಾಟಬಹುದಾದ ಗಟ್ಟಿ ಸೇತುವೆ ಕಟ್ಟಿದರು ಅಂದರೆ ಇನ್ನು ಇಲ್ಲಿ ಯುದ್ಧ ಮಾಡುವ ದೊರೆ ಇಲ್ಲ ಅಂತಲೇ ಅರ್ಥ. ರಾಜಧಾನಿ ಅಷ್ಟರಲ್ಲಿ ಮೈಸೂರಿಗೆ ಹೋಗಿತ್ತು.

ಮಧ್ಯಾಹ್ನ ಮೈಸೂರಿಗೆ ಹೋಗಿ ಕೊಳ್ಳೇಗಾಲದ ಬಸ್ಸು ಹಿಡಿದೆವು. ತಿ. ನರಸೀಪುರದಲ್ಲಿ ಕಪಿಲೆ, ಅಂದರೆ ಕಬಿನಿ, ಬಂದು ಕಾವೇರಿಗೆ ಸೇರುತ್ತಾಳೆ. ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಕೊಳ್ಳೇಗಾಲದಲ್ಲಿ ಮುದ್ದೆ ಊಟ, ಲಾಡ್ಜಿನಲ್ಲಿ ಸೊಳ್ಳೆ.

ಮೂರನೇ ದಿನ: ಶಿವನಸಮುದ್ರ

ಶ್ರೀರಂಗಪಟ್ಟಣದವನು ಆದಿರಂಗ, ಶಿವನಸಮುದ್ರದವನು ಮಧ್ಯರಂಗ, ತಮಿಳುನಾಡಿನ ಶ್ರೀರಂಗದವನು ಅಂತ್ಯರಂಗ. ಮೂವರೂ ಕಾವೇರಿ ಕವಲಾಗಿ ಸುತ್ತಿದ ದ್ವೀಪಗಳಲ್ಲೇ ಮಲಗಿದ್ದಾರೆ. ದ್ವೀಪದಲ್ಲಿ ದೇವರಿದ್ದ ಮೇಲೆ ಭಕ್ತರು ಹೊಳೆ ದಾಟಲೇಬೇಕಲ್ಲ.

ಇಲ್ಲಿಗೆ ಬರುವವರೆಲ್ಲ ಗಗನಚುಕ್ಕಿ, ಭರಚುಕ್ಕಿ ನೋಡಲು ಬರುತ್ತಾರೆ. ಫೆಬ್ರವರಿಯಲ್ಲಿ ಎರಡೂ ಸೊರಗಿದ್ದವು. ನಮಗೆ ಅದೇ ಬೇಕಿತ್ತು. ಸತ್ತೇಗಾಲದ ಮೇಲೆ ಆಟೋದಲ್ಲಿ ಬಂದು, ಹೊಸ ಸೇತುವೆಯ ಮೇಲೆ ಇಳಿದು, ಪಕ್ಕಕ್ಕೆ ನೋಡಿದರೆ ಹಳೆಯದು ಕಾಣುತ್ತದೆ. ಇದಕ್ಕೂ ವೆಲ್ಲೆಸ್ಲಿಯದೇ ಹೆಸರು. ಊರವರ ಬಾಯಲ್ಲಿ ವೆಸ್ಲಿ ಸೇತುವೆ. ಇನ್ನೊಂದು ಕವಲಿಗೆ ಕಟ್ಟಿದ್ದು ಲಷಿಂಗ್ಟನ್ ಸೇತುವೆ.

ವೆಸ್ಲಿ ಸೇತುವೆಯ ನಡುವೆ ಒಂದು ಬಾಯಿ ತೆರೆದಿತ್ತು. ಹಿಂದಿನ ವರ್ಷ, 2018ರ ಆಗಸ್ಟ್ ಪ್ರವಾಹದಲ್ಲಿ ಒಂದು ಭಾಗ ಕೊಚ್ಚಿಕೊಂಡು ಹೋಗಿತ್ತು. ಪೇಪರಿನಲ್ಲಿ ಫೋಟೋ ನೋಡಿದ್ದೆ. ಎದುರಿಗೆ ನಿಂತು ನೋಡುವುದು ಬೇರೆ. ಒಂದು ಕಡೆ ದಾರಿ ಸುಮ್ನೆ ನಿಂತುಬಿಡುತ್ತದೆ. ಅಲ್ಲಿಂದ ಮುಂದೆ ಕಂಬ ಇಲ್ಲ, ತೊಲೆ ಇಲ್ಲ. ಆಚೆ ಮತ್ತೆ ಏನೂ ಆಗದ ಹಾಗೆ ಸೇತುವೆ ಮುಂದುವರಿಯುತ್ತದೆ.

ಕಟ್ಟಿಸಿದವರ ಕತೆ ಇನ್ನೂ ಸ್ವಾರಸ್ಯ. ರಾಮಸ್ವಾಮಿ ಮೊದಲಿಯಾರ್ ಅಂತ. ಮೈಸೂರು ರೆಸಿಡೆಂಟರ, ಅಂದರೆ ಈಸ್ಟ್ ಇಂಡಿಯಾ ಕಂಪನಿಯ ಪ್ರತಿನಿಧಿಯ, ಕಚೇರಿಯ ನಂಬಿಕೆಯ ನೌಕರರು. ಆಗ ಈ ದ್ವೀಪ ಪಾಳು ಬಿದ್ದು ಕಾಡಾಗಿತ್ತು. ಅದಕ್ಕೂ ಮುನ್ನೂರು ವರ್ಷ ಹಿಂದೆ ಇಲ್ಲಿ ಉಮ್ಮತ್ತೂರಿನ ಪಾಳೆಗಾರ ಗಂಗರಾಜನ ಭದ್ರವಾದ ಊರಿತ್ತು. ಕೃಷ್ಣದೇವರಾಯ ಪಟ್ಟಕ್ಕೆ ಬಂದ ಹೊಸದರಲ್ಲೇ ದಂಡೆತ್ತಿ ಬಂದು ಗೆದ್ದದ್ದು ಈ ಉಮ್ಮತ್ತೂರಿನವರನ್ನೇ. ಈ ಮನೆತನದ ದೊರೆಯೊಬ್ಬ ಕುದುರೆಗೆ ಕಣ್ಣು ಕಟ್ಟಿ, ಹೆಂಡತಿಯನ್ನೂ ಕೂರಿಸಿಕೊಂಡು ಗಗನಚುಕ್ಕಿಗೆ ಹಾರಿದ ಅಂತ ಇಲ್ಲಿನವರು ಕತೆ ಹೇಳುತ್ತಾರೆ.

ಆ ಪಾಳು ದ್ವೀಪಕ್ಕೆ ಮೊದಲಿಯಾರರು ಹತ್ತೊಂಬತ್ತನೇ ಶತಮಾನದ ಎರಡನೇ ದಶಕದ ಕೊನೆಗೆ ಬಂದು, ಕಾಡು ಕಡಿಸಿ, ದೇವಸ್ಥಾನಗಳ ದುರಸ್ತಿ ಮಾಡಿಸಿ, ಎರಡೂ ಕವಲಿಗೆ ಸೇತುವೆ ಹಾಕಿಸಿದರು. ಕೈಯಿಂದ ಹಣ ಸುರಿದೇ ಮಾಡಿಸಿದ್ದು. ಸರ್ಕಾರ ಅವರಿಗೆ ಜನೋಪಕಾರ ಕಾಮಕರ್ತ ಅಂತ ಬಿರುದು ಕೊಟ್ಟಿತು, ಊರುಗಳನ್ನು ಜಾಗೀರು ಕೊಟ್ಟಿತು. ಲಷಿಂಗ್ಟನ್ ಅನ್ನುವವನು 1827ರಿಂದ 1832ರ ತನಕ ಮದ್ರಾಸಿನ ಗವರ್ನರ್ ಆಗಿದ್ದವನು. ಮದ್ರಾಸಿನ ಗವರ್ನರಿಗೆ ಇಲ್ಲೇನು ಕೆಲಸ ಅಂತ ಕೇಳಬಹುದು. ಟಿಪ್ಪುವಿನ ನಂತರ ಕೊಳ್ಳೇಗಾಲದ ಸೀಮೆ ಕಂಪನಿಯ ಪಾಲಾಗಿತ್ತು. ಮುಂದೆ ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯಲ್ಲೇ ಇದ್ದು, ಕನ್ನಡನಾಡಿಗೆ ಸೇರಿದ್ದು 1956ರಲ್ಲಿ. ಮಳವಳ್ಳಿಯ ಕಡೆಯದು ಮೈಸೂರು ರಾಜ್ಯ, ಕೊಳ್ಳೇಗಾಲದ ಕಡೆಯದು ಮದ್ರಾಸು. ಎರಡು ಸರ್ಕಾರಗಳ ನಡುವಿನ ಹೊಳೆಗೆ ಒಬ್ಬ ನೌಕರ ಸೇತುವೆ ಕಟ್ಟಿಸಿದ್ದು ಅನ್ನಿ.

ದಡದಲ್ಲಿ ಬಲೆ ಬಿಡಿಸುತ್ತ ಕೂತಿದ್ದ ಹಿರಿಯರೊಬ್ಬರು ಪ್ರವಾಹದ ದಿನ ನೋಡಿದವರು. "ಬಿದ್ದಾಗ ಸದ್ದು ಕೇಳಿಸ್ತಾ ಅಜ್ಜ?" ಅಂದೆ.

"ಎಲ್ಲಿ ಕೇಳ್ಸುತ್ತಪ್ಪಾ, ಹೊಳೆ ಸದ್ದೇ ಸಾಕಾಗಿತ್ತು. ಮರ ಮರವೇ ಬಂದು ಕಂಬಕ್ಕೆ ಸಿಕ್ಕೊಂಡಿದ್ವು. ನೀರು ಇಳಿದ್ ಮೇಲೆ ನೋಡುದ್ರೆ ಸೇತುವೇನೇ ಇಲ್ಲ."

ಇದನ್ನು ಕೇಳಿದ ಮೇಲೆ ಬಾಮೈದ ಒಡೆದ ತುದಿಯ ಅಡಿಗೇ ಹೋಗಬೇಕು ಅಂತ ಹಟ ಹಿಡಿದ. ಮೇಲೆ ಹತ್ತುವುದು ಬೇಡ ಅಂತ ನಾನು ಖಡಾಖಂಡಿತ ಹೇಳಿದೆ. ಬಂಡೆಗಳ ಮೇಲಿಂದ ಹೋಗಿ ನೋಡಿದೆವು. ಕೆಳಗೆ ಮಡುವಿನಲ್ಲಿ ಬಿದ್ದ ಕಲ್ಲುಗಳು ಅರ್ಧ ಮುಳುಗಿ ಕಾಣುತ್ತಿದ್ದವು. ಒಂದು ತೊಲೆ ನಡುವೆ ಸೀಳಿ ಎರಡಾಗಿತ್ತು. ಒಡೆದ ಮೈ ಮಾತ್ರ ಹೊಸ ಕಲ್ಲಿನ ಹಾಗೆ ತಿಳಿ ಬೂದು, ಒಳಗಿನ ಹರಳುಗಳು ಬಿಸಿಲಿಗೆ ಮಿಣುಗುತ್ತಿದ್ದವು. ಉಳಿದ ಮೂರು ಮೈಗೂ ಹಾವಸೆಯ ಕಪ್ಪು. ಇನ್ನೊಂದು ಕಡೆ ಬುಡದ ಕುಳಿಯಲ್ಲಿ ಕಂಬದ ಮೊಂಡು ತುಂಡು ಉಳಿದುಕೊಂಡಿತ್ತು. ಕಂಬ ಮುರಿದಿದೆ, ಬುಡ ಕಿತ್ತು ಬಂದಿಲ್ಲ.

ಬಾಮೈದ ಹೇಳಿದ ಲೆಕ್ಕ ನನಗೆ ಇಲ್ಲಿ ಚೆನ್ನಾಗಿ ಅರ್ಥವಾಯಿತು. ಇಂಥ ಸೇತುವೆಯಲ್ಲಿ ಕಲ್ಲನ್ನು ಕಲ್ಲಿಗೆ ಹಿಡಿದಿಡುವುದು ಬಹುಮಟ್ಟಿಗೆ ಅದರ ತೂಕವೇ. ನೀರು ಚಪ್ಪಡಿಯ ಅಡಿಗಿರುವ ತನಕ ಆ ತೂಕ ಪೂರ್ತಿ ಕೆಲಸ ಮಾಡುತ್ತದೆ. ಸೇತುವೆ ಮುಳುಗಿತು ಅನ್ನಿ, ಗ್ರಾನೈಟ್ ಕಲ್ಲು ತನ್ನ ತೂಕದಲ್ಲಿ ಮೂರನೇ ಒಂದು ಪಾಲಿಗಿಂತ ಜಾಸ್ತಿ ಕಳೆದುಕೊಳ್ಳುತ್ತದೆ. ನದಿಗೆ ಬಲ ಅತಿ ಹೆಚ್ಚಾದ ಹೊತ್ತಿಗೇ ಕಲ್ಲು ಹಗುರ. ಕಂಬಗಳು ಒತ್ತೊತ್ತಾಗಿ ಇರುವುದರಿಂದ ತೇಲಿ ಬಂದ ಮರ, ಜೊಂಡು ಎಲ್ಲ ಅಡ್ಡ ಸಿಕ್ಕಿಕೊಂಡು ಕಂಬದ ಸಾಲೇ ಗೋಡೆಯಾಗುತ್ತದೆ. ಹತ್ತಿರ ಹತ್ತಿರ ಕಂಬ ಇಡದಿದ್ದರೆ ತೊಲೆ ತಡೆಯುವುದಿಲ್ಲ, ಇಟ್ಟರೆ ನೀರಿಗೆ ದಾರಿ ಸಾಲುವುದಿಲ್ಲ. ಈ ಪದ್ಧತಿಯ ಗುಣವೂ ದೋಷವೂ ಒಂದೇ ಕಡೆ ಇವೆ.

ಶ್ರೀರಂಗಪಟ್ಟಣದ ಸೇತುವೆ ಯಾಕೆ ಉಳಿಯಿತು, ಇದು ಯಾಕೆ ಹೋಯಿತು ಅಂತ ಮಾತು ಬಂತು. ಒಂದು ವ್ಯತ್ಯಾಸ ನಕ್ಷೆಯಲ್ಲೇ ಇದೆ. ಶ್ರೀರಂಗಪಟ್ಟಣಕ್ಕೆ ಬರುವುದು ಕನ್ನಂಬಾಡಿ ಕಟ್ಟೆಯಿಂದ ಬಿಟ್ಟ ನೀರು. ಶಿವನಸಮುದ್ರ ಅದರ ಕೆಳಗೆ. ಅಷ್ಟರಲ್ಲಿ ಕಬಿನಿಯೂ ಸೇರಿರುತ್ತದೆ. ಎರಡೂ ಅಣೆಕಟ್ಟು ಒಟ್ಟಿಗೆ ತೆರೆದರೆ ಎರಡರ ನೀರೂ ಇಲ್ಲಿಗೇ ಬರಬೇಕು. ಹಾಗಂತ ಅಲ್ಲಿಯದಕ್ಕೆ ಅಪಾಯ ಇಲ್ಲ ಅಂತಲ್ಲ. ಪ್ರವಾಹದ ವರ್ಷಗಳಲ್ಲಿ ಅಲ್ಲೂ ಪೊಲೀಸರು ಬ್ಯಾರಿಕೇಡ್ ಇಟ್ಟು ಸಂಚಾರ ನಿಲ್ಲಿಸುತ್ತಾರೆ. ಆದರೆ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾದದ್ದು 1911ರಲ್ಲಿ. ಅದಕ್ಕೂ ಮೊದಲು ನೂರು ವರ್ಷಕ್ಕಿಂತ ಹೆಚ್ಚು ಕಾಲ, ಯಾವ ಗೇಟೂ ಇಲ್ಲದ ಕಾವೇರಿಯನ್ನು ಪೂರ್ಣಯ್ಯನವರ ಕಂಬಗಳು ತಡೆದುಕೊಂಡಿವೆ.

"ಒಂದು ಮಾತು ಒಪ್ಕೋಬೇಕು ಭಾವ," ಅಂದ ಬಾಮೈದ. "ಕಮಾನಿನ ಸೇತುವೆ ಆಗಿದ್ರೆ ಒಂದು ಕಂಬ ಹೋದ್ರೆ ಪಕ್ಕದ ಕಮಾನುಗಳಿಗೂ ಆಸರೆ ತಪ್ಪುತ್ತೆ, ಒಂದರ ಹಿಂದೆ ಒಂದು ಬೀಳೋ ಭಯ. ಇಲ್ಲಿ ನೋಡಿ, ನಡುವೆ ಇಷ್ಟು ಹೋಗಿದೆ, ಆಚೆ ಈಚೆ ಅಲ್ಲಾಡಿಲ್ಲ. ರಿಪೇರಿನೂ ಸುಲಭ. ಬಿದ್ದ ಕಲ್ಲು ಅಲ್ಲೇ ಇದೆ. ಮುರಿದಿರೋದಕ್ಕೆ ಹೊಸದು ಕಡೀಬೇಕು, ಉಳಿದದ್ದು ಎತ್ತಿ ಕೂರಿಸಬೇಕು."

"ಕಾಂಕ್ರೀಟ್ ಹಾಕಿ ತುಂಬಿಸಿಬಿಟ್ರೆ?"

"ಹಾಕಿದ್ರೆ ಆ ಭಾಗ ಬೇರೆ ಥರ ಕೆಲಸ ಮಾಡುತ್ತೆ, ಉಳಿದದ್ದು ಬೇರೆ ಥರ. ಬೇಡ." ವರ್ಷವಿಡೀ ಕಾಂಕ್ರೀಟ್ ಸುರಿಯುವವನ ಬಾಯಲ್ಲಿ ಈ ಮಾತು!

ಭರಚುಕ್ಕಿಯ ಹತ್ತಿರ ಹುರಿದ ಮೀನು ತಿಂದು, ಮಳವಳ್ಳಿ ಮೇಲೆ ಮಂಡ್ಯಕ್ಕೆ ಬಂದೆವು. ಮಂಡ್ಯದಲ್ಲಿ ರಾತ್ರಿಯ ಹಂಪಿ ಎಕ್ಸ್‌ಪ್ರೆಸ್. ಮದ್ದೂರಿನಲ್ಲಿ ವಡೆಯ ಬುಟ್ಟಿ ಬಂದಾಗ ಬಾಮೈದ ನಿದ್ದೆಯಲ್ಲಿದ್ದ. ಅವನ ಪಾಲನ್ನೂ ನಾನೇ ತಿಂದೆ.

ನಾಲ್ಕನೇ ದಿನ: ಹಂಪಿ

ಕಾವೇರಿ ಸೀಮೆಯ ಸೇತುವೆ ನೋಡಲು ಹೊರಟವರು ಹಂಪಿಗೆ ಯಾಕೆ ಬಂದೆವು ಅಂದರೆ, ಈ ಪದ್ಧತಿ ಎಷ್ಟು ಹಳೆಯದು ಅಂತ ನೋಡಬೇಕಿತ್ತು. ವಿಜಯವಿಠ್ಠಲ ದೇವಸ್ಥಾನದ ಕೆಳಗೆ, ಪುರಂದರದಾಸರ ಮಂಟಪದ ಹತ್ತಿರ, ತುಂಗಭದ್ರೆಯಲ್ಲಿ ಕಲ್ಲುಕಂಬಗಳ ಸಾಲುಗಳು ನಿಂತಿವೆ. ವಿಜಯನಗರದ ಕಾಲದ ಸೇತುವೆಯಲ್ಲಿ ಉಳಿದದ್ದು ಇದು. ಮೇಲಿನ ದಾರಿ ಪೂರ್ತಿ ಹೋಗಿದೆ. ಜನ ಕಲ್ಲಿನ ರಥದ ಮುಂದೆ ಫೋಟೋ ತೆಗೆಸಿಕೊಂಡು ವಾಪಸು ಹೋಗುತ್ತಾರೆ. ಐದು ನಿಮಿಷ ಕೆಳಗೆ ಇಳಿದರೆ ಇದು ಸಿಗುತ್ತದೆ.

ಪುರಂದರ ಮಂಟಪದಲ್ಲಿ ಚೀಲ ಇಟ್ಟು ಕೂತೆವು. ಒಳ್ಳೆಯ 'ಹೋಲಿಕೆ' ಸಿಗುವ ಜಾಗ ಇದು. ಒಂದೇ ದಡದಲ್ಲಿ, ಒಂದೇ ಕಲ್ಲಿನಲ್ಲಿ ಮಂಟಪವೂ ಇದೆ, ಸೇತುವೆಯೂ ಇದೆ. ಮಂಟಪದ ಕಂಬ ನೋಡಿ, ನಂತರ ನೀರಲ್ಲಿರುವ ಕಂಬ ನೋಡಿ. ಎರಡನ್ನೂ ಕಡಿದದ್ದು ಒಂದೇ ಕಸುಬಿನವರು ಅಂತ ಕಣ್ಣಿಗೇ ತಿಳಿಯುತ್ತದೆ. ತುಂಗಭದ್ರಾ ಅಣೆಕಟ್ಟಿನ ಗೇಟು ತೆರೆದಾಗಲೆಲ್ಲ ಈ ಮಂಟಪವೂ ಮುಳುಗುತ್ತದೆ. ನೀರು ಇಳಿದ ಮೇಲೆ ಎಂದಿನ ಹಾಗೆ ನಿಂತಿರುತ್ತದೆ. ಸೇತುವೆಯ ಕಂಬಗಳೂ ಅಷ್ಟೇ.

ಹತ್ತಿರದ ಒಂದು ಬಂಡೆಯ ಮೇಲೆ ಸಾಲಾಗಿ ಚೌಕದ ಗುಳಿಗಳಿದ್ದವು. ಹಂಪಿಯಲ್ಲಿ ಎಲ್ಲಿ ನೋಡಿದರೂ ಇವು ಸಿಗುತ್ತವೆ. ಗೆರೆ ಎಳೆದ ಹಾಗೆ ಗುಳಿ ತೋಡಿ, ಬೆಣೆ ಬಡಿದು ಬಂಡೆಯನ್ನು ಸೀಳುತ್ತಿದ್ದದ್ದು. ಈ ಬಂಡೆಯಲ್ಲಿ ಗುಳಿ ತೋಡಿದ್ದಾರೆ, ಸೀಳಿಲ್ಲ. ಕೆಲಸ ನಡುವೆ ನಿಂತಿದೆ. ಬಾಮೈದ ಗೇಣು ಹಾಕಿ ಗುಳಿಯಿಂದ ಗುಳಿಗೆ ಅಳೆದ. ಆಮೇಲೆ ಪಕ್ಕದಲ್ಲಿ ಬಿದ್ದಿದ್ದ ಒಂದು ಕಂಬದ ಅಂಚಿನಲ್ಲಿದ್ದ ಅರ್ಧ ಗುಳಿಗಳನ್ನೂ ಅಳೆದ. "ಒಂದೇ ಅಳತೆ ಭಾವ. ಕಟ್ಟಿಂಗ್ ಲೈನ್ ಅಂದ್ರೆ ಇದು."

ಸೇತುವೆಯ ಮೇಲ್ಹಾಸು ಏನಾಯಿತು ಅಂತ ಇಬ್ಬರೂ ಜಗಳ ಆಡಿದೆವು. ಹೊಳೆ ಕೊಂಡೊಯ್ದಿರಬೇಕು ಅಂತ ನಾನು. ಇಷ್ಟು ಚೆನ್ನಾಗಿ ಕಡಿದ ಕಲ್ಲನ್ನು ಯಾರು ಬಿಡುತ್ತಾರೆ, ಎತ್ತಿಕೊಂಡು ಹೋಗಿ ಬೇರೆಲ್ಲೋ ಹಾಸಿರುತ್ತಾರೆ ಅಂತ ಅವನು. ಶಿವನಸಮುದ್ರದಲ್ಲಿ ಬಿದ್ದ ಕಲ್ಲು ಅಡಿಯಲ್ಲೇ ಇತ್ತಲ್ಲ, ಇಲ್ಲಿ ಅಷ್ಟು ಕಾಣುವುದಿಲ್ಲ ಅನ್ನುವುದು ಅವನ ವಾದ. ತೂಕದ ವಾದವೇ. ನಾನು ಸೋಲಲಿಲ್ಲ, ಒಪ್ಪಲೂ ಇಲ್ಲ.

ಸೇತುವೆ ಇಲ್ಲದ ಕಡೆ ಜನ ಹರಿಗೋಲಿನಲ್ಲಿ ದಾಟುತ್ತಿದ್ದರು. ಕೃಷ್ಣದೇವರಾಯನ ಕಾಲದಲ್ಲಿ ಬಂದ ಪೋರ್ಚುಗೀಸ್ ವ್ಯಾಪಾರಿ ಡೊಮಿಂಗೊ ಪಾಯಸ್ ಆನೆಗೊಂದಿಗೆ ದಾಟುವ ಈ ದುಂಡು ದೋಣಿಗಳ ಬಗ್ಗೆ ಬರೆದಿದ್ದಾನೆ. ಹೊರಗೆ ತೊಗಲು ಹೊದಿಸಿದ ಬುಟ್ಟಿಗಳು, ಹದಿನೈದು ಇಪ್ಪತ್ತು ಜನ ಹಿಡಿಸುತ್ತಾರೆ, ಬೇಕಾದರೆ ಕುದುರೆ, ಎತ್ತುಗಳೂ ದಾಟುತ್ತವೆ ಅಂತ. ನಮ್ಮನ್ನು ಸುತ್ತಾಡಿಸಿದ ಹರಿಗೋಲಿಗೆ ತೊಗಲಿನ ಬದಲು ಪ್ಲಾಸ್ಟಿಕ್ ಚೀಲ, ಡಾಂಬರು. ಕಂಬಗಳ ಹತ್ತಿರ ನಿಧಾನಕ್ಕೆ ತಿರುಗಿಸಿ ತೋರಿಸಿದ ಹುಡುಗ ಕೇಳಿದ: "ಸಾರ್, ಆ ಬಿದ್ದಿರೋ ಬ್ರಿಡ್ಜ್ ನೋಡಿಲ್ಲೇನ್ರಿ? ಎಲ್ರೂ ಅದ್ನ ಕೇಳ್ತಾರ್ರಿ."

ಅವನು ಹೇಳಿದ್ದು ಹೊಸ ಸೇತುವೆಯ ವಿಚಾರ. ತಳವಾರಘಟ್ಟದಿಂದ ಆನೆಗೊಂದಿಗೆ ಕೇಬಲ್ ತೂಗಿಸಿದ ಸೇತುವೆ ಕಟ್ಟಲು 1990ರ ದಶಕದಲ್ಲಿ ಶುರು ಮಾಡಿದರು. ಹಂಪಿಯ ನೋಟಕ್ಕೆ ಧಕ್ಕೆ ಅಂತ ಗಲಾಟೆಯಾಯಿತು. 1999ರಲ್ಲಿ ಯುನೆಸ್ಕೋ ಹಂಪಿಯನ್ನು ಅಪಾಯದ ಪಟ್ಟಿಗೆ ಸೇರಿಸಿತು. ಕೆಲಸ ವರ್ಷಗಟ್ಟಲೆ ನಿಂತಿತು. 2006ರಲ್ಲಿ ಪಟ್ಟಿಯಿಂದ ಹಂಪಿಯ ಹೆಸರು ಹೋಯಿತು, ಕೆಲಸ ಮತ್ತೆ ಶುರುವಾಯಿತು. 2009ರ ಜನವರಿಯಲ್ಲಿ, ಇನ್ನೂ ಕಟ್ಟುತ್ತಿರುವಾಗಲೇ ಸೇತುವೆ ಕುಸಿದು ಬಿತ್ತು. ಕೂಲಿ ಕಾರ್ಮಿಕರು ಸತ್ತರು. ಆನೆಗೊಂದಿಯವರು ಮತ್ತೆ ದೋಣಿಗೇ ಬಂದರು. ಆಮೇಲೆ ಕಡೆಬಾಗಿಲಿನ ಹತ್ತಿರ ಬೇರೆ ಸೇತುವೆ ಆಯಿತು.

ಇದನ್ನು ಇಟ್ಟುಕೊಂಡು ಹಳೆಯವರೇ ಜಾಣರು, ಈಗಿನವರಿಗೆ ಏನೂ ಬರುವುದಿಲ್ಲ ಅಂತ ಭಾಷಣ ಮಾಡುವುದು ಸುಲಭ. ನಾನು ಬಾಯಿ ತೆಗೆಯುವ ಮೊದಲೇ ಬಾಮೈದ ತಡೆದ. "ಹಳೇ ಕಾಲದಲ್ಲಿ ಬಿದ್ದಿರೋ ಸೇತುವೆಗಳು ನಮಗೆ ಕಾಣಲ್ಲ ಭಾವ. ಬಿದ್ದು ಹೋಗಿವೆಯಲ್ಲ." ಸರಿಯಾದ ಮಾತು.

ಮಧ್ಯಾಹ್ನ ಹೊಸಪೇಟೆಯಲ್ಲಿ ಮಂಡಕ್ಕಿ, ಮಿರ್ಚಿ. ಬಾಮೈದ ಟಿಶ್ಯೂ ಪೇಪರಿನ ಮೇಲೆ ವೆಸ್ಲಿ ಸೇತುವೆಯ ಒಡೆದ ಭಾಗದ ಚಿತ್ರ ಬರೆದು, ಯಾವ ಕಲ್ಲನ್ನು ಮೊದಲು ಎತ್ತಬೇಕು, ಕ್ರೇನ್ ಎಲ್ಲಿ ನಿಲ್ಲಿಸಬೇಕು ಅಂತ ಗುರುತು ಹಾಕುತ್ತಿದ್ದ. ಕ್ರೇನ್ ಹೋಗುವ ದಾರಿಯೇ ಇಲ್ಲವಲ್ಲ ಅಂದೆ. ಹಾಗಾದರೆ ಮೊದಲಿಯಾರರ ಆಳುಗಳು ಎತ್ತಿದ ಹಾಗೆ ಹಗ್ಗ, ಮರದ ದಿಮ್ಮಿ, ಜನ ಅಂತ ಪಕ್ಕದಲ್ಲಿ ಇನ್ನೊಂದು ಚಿತ್ರ ಶುರು ಮಾಡಿದ. ಎಣ್ಣೆ ಹತ್ತಿ ಪೇಪರು ಹರಿಯಿತು. ಇನ್ನೊಂದು ಪ್ಲೇಟ್ ಮಿರ್ಚಿ ಹೇಳಿದೆವು.